ಹೊಕ್ಕುಳಬಳ್ಳಿ ರಕ್ತ ಇಡಿಸಬೇಕಾ? (ದಾವಣಗೆರೆ)

ಪ್ರಶ್ನೆ: ತಂಗಿಗೆ ಮುಂದಿನ ತಿಂಗಳು ಹೆರಿಗೆ, ದಾವಣಗೆರೆಯಲ್ಲೇ. ಮೊದಲ ಮಗುವಿಗೆ ಥಲಸ್ಸೀಮಿಯಾ ಮೇಜರ್ (ಪದೇ ಪದೇ ರಕ್ತ ಕೊಡಿಸಬೇಕಾದ ಆನುವಂಶಿಕ ರಕ್ತದ ಕಾಯಿಲೆ). ಹೊಕ್ಕುಳಬಳ್ಳಿ ರಕ್ತ ಬ್ಯಾಂಕಿನಲ್ಲಿ ಇಡಿಸಿ, ಕೂಸಿಗೆ ಜೀವಮಾನದ ವಿಮೆ ಅಂತ ಏಜೆಂಟ್ ಬೆನ್ನು ಬಿದ್ದಾನೆ. ಇಡಿಸೋದಾ?

ಉತ್ತರ 1: ವಿಮೆ ಮಾತು ಬಿಡಿ. ಆ ಕೂಸಿಗೇ ಮುಂದೆ ಬೇಕಾಗುತ್ತೆ ಅಂತ ಇಡೋದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಹೇಳುತ್ತೆ. ಹುಟ್ಟಿನಿಂದ ಬಂದ ದೋಷ ಆ ರಕ್ತದ ಕಾಂಡಕೋಶಗಳಲ್ಲೂ (ಹೊಸ ರಕ್ತಕಣ ಹುಟ್ಟಿಸೋ ಮೂಲಕೋಶ) ಇರುತ್ತಲ್ಲ! ಆದರೆ ನಿಮ್ಮ ಕೇಸು ಬೇರೆ. ಈ ಕೋಶಗಳನ್ನ ಮೊದಲ ಮಗುವಿಗೆ ಕಸಿ ಮಾಡಬಹುದು, ಅದಕ್ಕಾಗಿ ಇಡೋದಕ್ಕೆ ಅರ್ಥ ಇದೆ. ಕಸಿಗೆ ಇಬ್ಬರ ಎಚ್‌ಎಲ್‌ಎ (ಕೋಶಗಳ ಮೇಲಿನ ಗುರುತು) ಹೊಂದಬೇಕು; ಒಡಹುಟ್ಟಿದವರದು ಪೂರ್ತಿ ಹೊಂದೋ ಸಾಧ್ಯತೆ ಶೇ 25. ಹೊಸ ಕೂಸಿಗೆ ಥಲಸ್ಸೀಮಿಯಾ ಮೇಜರ್ ಇರಬಾರದು, ಅಷ್ಟೆ. ಮೈನರ್ (ದೋಷದ ವಾಹಕ ಮಾತ್ರ) ಇದ್ದರೂ ನಡೆಯುತ್ತೆ.

ಉತ್ತರ 2: ಹೆರಿಗೆ ಡಾಕ್ಟರಿಗೆ ಮೊದಲೇ ಹೇಳಿಡಿ. ಬಳ್ಳಿ ಕ್ಲ್ಯಾಂಪ್ ಮಾಡಿ ಕತ್ತರಿಸಿದ ಮೇಲೆ ಅದರ ಅಭಿಧಮನಿಗೆ (ವೇನ್) ಸೂಜಿ ಹಾಕಿ, ಹೆಪ್ಪುಗಟ್ಟದ ದ್ರಾವಣ ಇರೋ ಚೀಲವನ್ನ ಕೆಳಗೆ ಹಿಡೀತಾರೆ. ಚೀಲ ಅಲ್ಲಾಡಿಸುತ್ತಾ ಇರಬೇಕು, ಇಲ್ಲದಿದ್ರೆ ಗಡ್ಡೆ ಕಟ್ಟಿ ಕೆಡುತ್ತೆ. ಕ್ಲ್ಯಾಂಪ್ ತಡವಾದಷ್ಟೂ ಸಿಗೋ ರಕ್ತ ಕಮ್ಮಿ. ಹಾಗಂತ ಕೂಸಿಗೆ ಹೋಗಬೇಕಾದ್ದನ್ನ ಕಿತ್ಕೋಬೇಡಿ. ಕಸಿಗೆ ರೋಗಿಯ ಪ್ರತಿ ಕೆಜಿಗೆ ಸುಮಾರು 2.5 ಕೋಟಿ ಕೋಶ ಬೇಕು. ಶೇಖರಣೆ ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿ.

ಉತ್ತರ 3: ಕೋಶ ಸಾಲದಿದ್ರೆ ಗಾಬರಿ ಬೇಡ. ಎಚ್‌ಎಲ್‌ಎ ಹೊಂದಿದ್ರೆ ಕೂಸು ದೊಡ್ಡದಾದ ಮೇಲೆ ಅದರ ಅಸ್ಥಿಮಜ್ಜೆ (ಮೂಳೆಯೊಳಗಿನ ನೆಣ, ಅಲ್ಲೂ ಕಾಂಡಕೋಶ ಇರುತ್ತೆ) ತೆಗೆದು ಕಸಿ ಮಾಡಬಹುದು.