ಸಬ್, ಟಾಪ್ ಎರಡೂ ಹಾಕಿದರೆ ಡೊಳ್ಳಿನ ಗುದ್ದು ಮಾಯ! ಯಾಕೆ?

ಇಳಕಲ್ ಹುಡುಗ:
ನಮಸ್ಕಾರ. ಬಾದಾಮಿ ಹತ್ತಿರದ ಒಂದು ಊರ ಜಾತ್ರೆಗೆ ಸೌಂಡ್ ಹಾಕಿದ್ದೆವು. ಜೋಳ ಕೊಯ್ದ ಬಯಲು. ಸ್ಟೇಜಿನ ಮೇಲೆ ಎಡಕ್ಕೆ ಬಲಕ್ಕೆ ಟಾಪ್ (ಮೇಲಿನ ಸ್ವರಗಳ ಸ್ಪೀಕರ್), ಕೆಳಗೆ ನಡುವೆ ನಾಲ್ಕು 18 ಇಂಚಿನ ಸಬ್ (ತೀರಾ ಕೆಳಗಿನ ಸ್ವರಗಳ ಸ್ಪೀಕರ್), ಕ್ರಾಸ್‌ಓವರ್ ಅಂದರೆ ಇವೆರಡಕ್ಕೂ ಶಬ್ದ ಹಂಚುವ ಗಡಿ 100 ಹರ್ಟ್ಜ್. ಸಬ್‌ಗಳು ಟಾಪ್‌ಗಿಂತ ಸುಮಾರು 2 ಮೀಟರ್ ಮುಂದಿದ್ದವು. ಡೊಳ್ಳು ಶುರುವಾದಾಗ ಟಾಪ್ ಮಾತ್ರ ಬಿಟ್ಟರೆ ಚೆನ್ನಾಗಿದೆ, ಸಬ್ ಮಾತ್ರ ಬಿಟ್ಟರೂ ಪರವಾಗಿಲ್ಲ, ಎರಡೂ ಸೇರಿದ ಕೂಡಲೇ ಗುದ್ದು ಹೋಗಿ ಕೋಲಿನ ಚಟ್ ಚಟ್ ಅಷ್ಟೇ ಉಳಿಯುತ್ತದೆ. ಸಬ್ ಏರಿಸಿದೆ, ಗುಂಯ್ ಅನ್ನೋದು ಜಾಸ್ತಿ ಆಯ್ತು. ಇಕ್ಯೂನಲ್ಲಿ (ಬೇಕಾದ ಸ್ವರಗಳನ್ನು ಮಾತ್ರ ಏರಿಸಿ ಇಳಿಸುವ ಗುಂಡಿ) 100 ಹರ್ಟ್ಜ್ ಎತ್ತಿದೆ, ಏನೂ ಆಗಲಿಲ್ಲ. ಡೊಳ್ಳಿನವರು ಬೆವರು ಸುರಿಸಿ ಬಾರಿಸಿದ್ದು ಹಿಂದೆ ಕೂತವರಿಗೆ ಮುಟ್ಟಲಿಲ್ಲ ಅಂತ ತುಂಬಾ ಬೇಜಾರು. ಮುಂದಿನ ವಾರ ಮತ್ತೆ ಅಲ್ಲೇ ಹತ್ತಿರ ಕೆಲಸ ಇದೆ.

ಮುಧೋಳ ಮಿಕ್ಸರ್:
ಇಕ್ಯೂ ಮುಟ್ಟಬೇಡಿ, ಇದು ಟೈಮಿನ ತೊಂದರೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 2 ಮೀಟರ್ ಅಂದರೆ 5.8 ಮಿಲಿಸೆಕೆಂಡ್. 100 ಹರ್ಟ್ಜ್‌ನ ಅರ್ಧ ಸುತ್ತು 5 ಮಿಲಿಸೆಕೆಂಡ್. ಅಂದರೆ ಸಬ್ ಗಾಳಿಯನ್ನು ತಳ್ಳುವಾಗ ಟಾಪ್ ಹೆಚ್ಚುಕಡಿಮೆ ಎಳೆಯುತ್ತಿದೆ. 100 ಎತ್ತಿದರೆ ಎರಡೂ ಎತ್ತಿದ ಹಾಗೆ, ಮತ್ತೆ ಒಂದನ್ನೊಂದು ತಿಂದು ಹಾಕುತ್ತವೆ. ಮುಂದಿರುವ ಸಬ್‌ಗೆ ಡಿಲೇ ಕೊಡಿ, ಅಂದರೆ ಅದರ ಶಬ್ದ ಅಷ್ಟು ತಡವಾಗಿ ಹೊರಡಲಿ.

ಅದಕ್ಕೂ ಮೊದಲು ಸಬ್‌ಗಳ ಕೇಬಲ್ ನೋಡಿ. ಆಂಪ್ ಕಡೆ ಬಿಚ್ಚಿ, 1.5 ವೋಲ್ಟ್ ಸೆಲ್ಲಿನ ಪ್ಲಸ್ಸನ್ನು ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ಒಂದು ಕ್ಷಣ ತಾಗಿಸಿ. ಎಲ್ಲ ಸಬ್‌ಗಳ ಕೋನ್ (ಸ್ಪೀಕರಿನಲ್ಲಿ ಅಲುಗಾಡುವ ಪೊರೆ) ಹೊರಗೇ ಜಿಗಿಯಬೇಕು.

ಡಗ್ಗಾ ಪ್ರೇಮಿ:
ಅಳತೆ ಮೈಕ್ ಇಲ್ಲದಿದ್ದರೂ ಆಗುತ್ತದೆ. ಜನ ಕೂರುವ ಜಾಗದ ನಡುವೆ ನಿಂತು ಟಾಪ್‌ಗೆ ಎಷ್ಟು, ಸಬ್‌ಗೆ ಎಷ್ಟು ಅಂತ ಟೇಪ್ ಹಿಡಿಯಿರಿ, ವ್ಯತ್ಯಾಸದ ಡಿಲೇ ಹಾಕಿ. ಒಂದು ಕಡೆಯ ಟಾಪ್ ಬಂದ್ ಮಾಡಿ. 100 ಹರ್ಟ್ಜ್ ಸೈನ್ ಟೋನ್ (ಒಂದೇ ಸಮನೆಯ ಶುದ್ಧ ಸ್ವರ) ಸಣ್ಣಗೆ ಬಿಟ್ಟು, ಟಾಪ್ ಸಬ್ ಎರಡೂ ಒಂದೇ ಮಟ್ಟಕ್ಕೆ ತಂದು, ಸಬ್‌ನ ಪೋಲಾರಿಟಿ (ಪ್ಲಸ್ ಮೈನಸ್) ಉಲ್ಟಾ ಮಾಡಿ. ಈಗ ಡಿಲೇಯನ್ನು ಅರ್ಧರ್ಧ ಮಿಲಿಸೆಕೆಂಡ್ ಆಚೀಚೆ ಮಾಡುತ್ತಾ ಹೋಗಿ, ಶಬ್ದ ತೀರಾ ಕಮ್ಮಿಯಾಗುವ ಜಾಗ ಸಿಗುತ್ತದೆ. ಅಲ್ಲೇ ನಿಲ್ಲಿಸಿ ಪೋಲಾರಿಟಿ ಸರಿ ಮಾಡಿದರೆ ಪೂರ್ತಿ ಗುದ್ದು ಬರುತ್ತದೆ. ಜೋರಾಗುವುದಕ್ಕಿಂತ ಸತ್ತುಹೋಗುವುದು ಕಿವಿಗೆ ಬೇಗ ಗೊತ್ತಾಗುತ್ತದೆ, ಅದಕ್ಕೇ ಉಲ್ಟಾ. ಆದರೆ 10 ಮಿಲಿಸೆಕೆಂಡ್ ತಪ್ಪಿದರೂ ಟೋನ್ ಹೀಗೇ ಸಾಯುತ್ತದೆ, ಹಾಗಾಗಿ ಟೇಪಿನ ಲೆಕ್ಕ ಬಿಟ್ಟು ದೂರ ಹೋಗಬೇಡಿ.

ಮುಧೋಳ ಮಿಕ್ಸರ್:
ಸರಿಯಾಗಿ ಹೇಳಿದಿರಿ. ಇನ್ನೊಂದು, ಟಾಪ್‌ಗೂ 100ರಲ್ಲಿ ಹೈಪಾಸ್ (ಅದಕ್ಕಿಂತ ಕೆಳಗಿನ ಸ್ವರ ತಡೆಯುವ ಫಿಲ್ಟರ್) ಇದೆಯಾ ನೋಡಿ. ಅದನ್ನು ಸುಮ್ನೆ ಫುಲ್ ರೇಂಜ್ ಬಿಟ್ಟರೆ ಜಗಳ 60ರಲ್ಲೂ ನಡೆಯುತ್ತದೆ. ಮತ್ತೆ ಈ ಹೊಂದಾಣಿಕೆ ಎಲ್ಲ ಕಡೆ ಒಂದೇ ಥರ ಇರಲ್ಲ, ಸ್ಟೇಜಿಗೆ ಅಂಟಿಕೊಂಡು ನಿಂತವರಿಗೆ ಸ್ವಲ್ಪ ಬೇರೆ ಕೇಳುತ್ತದೆ. ಜಾಸ್ತಿ ಜನ ಎಲ್ಲಿ ಕೂರುತ್ತಾರೋ ಅಲ್ಲಿಗೆ ಹೊಂದಿಸಿ.

ಇಳಕಲ್ ಹುಡುಗ:
ನಿನ್ನೆ ಮಾಡಿದೆವು. ಸೆಲ್ ತಾಗಿಸಿದರೆ ನಾಲ್ಕರಲ್ಲಿ ಒಂದರ ಕೋನ್ ಒಳಗೆ ಹೋಯ್ತು! ನಾವೇ ಬೆಸುಗೆ ಹಾಕಿದ ಕೇಬಲ್, ವೈರ್ ಅದಲುಬದಲು. ಅಷ್ಟು ದಿನ ಅದು ಪಕ್ಕದ ಸಬ್ಬನ್ನೂ ನುಂಗುತ್ತಿತ್ತು ಅಲ್ವಾ. ಟೇಪಿನಲ್ಲಿ ವ್ಯತ್ಯಾಸ 2.3 ಮೀಟರ್, ಅಂದರೆ 6.7 ಮಿಲಿಸೆಕೆಂಡ್. ಟೋನ್ ಸತ್ತಿದ್ದು 7.2ರಲ್ಲಿ. ಪೋಲಾರಿಟಿ ತಿರುಗಿಸಿ ಡೊಳ್ಳು ಬಾರಿಸಲು ಹೇಳಿದೆ. ಮಿಕ್ಸರ್ ಇಟ್ಟಿದ್ದ ಟೇಬಲ್ಲಿನ ಮೇಲೆ ಚಹಾದ ಕಪ್ಪು ನಡುಗಿತು. ಸಬ್ ಫೇಡರ್ 6 ಡಿಬಿ ಇಳಿಸಬೇಕಾಯ್ತು.