ಹತ್ತು ತಿಂಗಳ ಗಬ್ಬದ ಕುದುರೆಗೆ ಜಂತುಹುಳದ ಔಷಧಿ ಈಗಲೇ ಕೊಡಬಹುದಾ?

ಕುಣಿಗಲ್ ಕಡೆಯವನು:
ನಮಸ್ಕಾರ. ನಮ್ಮ ಮಾರ್ವಾಡಿ ಹೆಣ್ಣು ಕುದುರೆಗೆ ಗಬ್ಬ ಹತ್ತು ತಿಂಗಳು ತುಂಬಿದೆ. ಮೈಕೂದಲು ಒರಟಾಗಿದೆ, ಪಕ್ಕೆಲುಬು ಕಾಣ್ತಿದೆ, ಬಾಲದ ಬುಡವನ್ನು ಗೋಡೆಗೆ ಉಜ್ಜುತ್ತೆ. ಲದ್ದಿಯಲ್ಲಿ ಹುಳ ಕಂಡಿಲ್ಲ. ಔಷಧಿ ಅಂಗಡಿಯಲ್ಲಿ ದನಗಳಿಗೆ ಹಾಕುವ ಐವರ್ಮೆಕ್ಟಿನ್ ಇಂಜೆಕ್ಷನ್ ಕೊಟ್ಟಿದ್ದಾರೆ. ಕುರಿಗೆ ಕುಡಿಸಿ ಉಳಿದ ಆಲ್ಬೆಂಡಜೋಲ್ ಬಾಟಲಿಯೂ ಮನೆಯಲ್ಲಿದೆ. ಅಪ್ಪ ಮಾತ್ರ "ಗಬ್ಬದಲ್ಲಿ ಏನೂ ಬೇಡ, ಕಂದು ಹಾಕಿಬಿಡುತ್ತೆ" ಅಂತಾರೆ. ಏನು ಮಾಡಲಿ?

ಹಳೇ ಲಾಯ:
ತಮ್ಮಾ, ಮೊದಲು ಆ ಇಂಜೆಕ್ಷನ್ ಎತ್ತಿಡು. ಕುದುರೆಗೆ ಐವರ್ಮೆಕ್ಟಿನ್ ಬಾಯಿಂದಲೇ ಹೋಗಬೇಕು. ಸೂಜಿಯಿಂದ ಕೊಟ್ಟರೆ ಚುಚ್ಚಿದ ಜಾಗ ಊದಿ, ಕ್ಲಾಸ್ಟ್ರಿಡಿಯಂ ಅನ್ನೋ ಬ್ಯಾಕ್ಟೀರಿಯಾದ ಸೋಂಕು ಹತ್ತಿ ಜೀವಕ್ಕೇ ಕುತ್ತು ಬರಬಹುದು. ಅಮೆರಿಕದಲ್ಲಿ ಕುದುರೆಗೆಂದೇ ಬಂದಿದ್ದ ಇಂಜೆಕ್ಷನ್ನನ್ನು 1980ರ ದಶಕದಲ್ಲಿ ಇಂಥ ತೊಂದರೆಗಳಿಂದಲೇ ಹಿಂದೆ ತಗೊಂಡರು. ಕುರಿಯ ಬಾಟಲಿಯೂ ಬೇಡ.

ಅಪ್ಪನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ಬಳಸುತ್ತಿದ್ದ ಕೆಲವು ಔಷಧಿಗಳನ್ನು ಗಬ್ಬದ ಕುದುರೆಗೆ ಕೊಡಬಾರದಿತ್ತು. ಆದರೆ ಕುದುರೆಗೆಂದೇ ಬರುವ ಐವರ್ಮೆಕ್ಟಿನ್ ಪೇಸ್ಟ್, ಫೆನ್‌ಬೆಂಡಜೋಲ್, ಪೈರಾಂಟೆಲ್ ಇವನ್ನು ಸರಿಯಾದ ಅಳತೆಯಲ್ಲಿ ಕೊಟ್ಟರೆ ಗಬ್ಬಕ್ಕೆ ತೊಂದರೆಯಿಲ್ಲ. ಫೆನ್‌ಬೆಂಡಜೋಲ್ ಸೌಮ್ಯವಾದದ್ದೇ, ಆದರೆ ಕುದುರೆಯ ಕರುಳಲ್ಲಿರೋ ಸಣ್ಣ ಸ್ಟ್ರಾಂಗೈಲ್ ಹುಳಗಳು ಎಷ್ಟೋ ಕಡೆ ಅದಕ್ಕೆ ಜಗ್ಗುತ್ತಿಲ್ಲ.

ಕೊಡುವ ಮೊದಲು ತಾಜಾ ಲದ್ದಿಯನ್ನು ಗಾಳಿಯಾಡದ ಕವರಿನಲ್ಲಿ ಕಟ್ಟಿ, ತಣ್ಣಗಿಟ್ಟು, ಅದೇ ದಿನ ಪಶು ಆಸ್ಪತ್ರೆಗೆ ಕೊಡು. ಒಂದು ಗ್ರಾಂ ಲದ್ದಿಯಲ್ಲಿ ಎಷ್ಟು ಮೊಟ್ಟೆ ಇದೆ ಅಂತ ಎಣಿಸಿಕೊಡಲು ಕೇಳು. 200ರೊಳಗಿದ್ದರೆ ಕಡಿಮೆ, 500 ದಾಟಿದರೆ ಜಾಸ್ತಿ. ಬಾಲ ಉಜ್ಜೋದು, ಗುದದ ಸುತ್ತ ಮೊಟ್ಟೆ ಇಡುವ ಪಿನ್‌ವರ್ಮ್ ಅನ್ನೋ ಹುಳದಿಂದ ಇರಬಹುದು. ಅದರ ಮೊಟ್ಟೆ ಲದ್ದಿಯಲ್ಲಿ ಸಾಮಾನ್ಯವಾಗಿ ಸಿಗಲ್ಲ. ಗುದದ ಸುತ್ತ ಸೆಲ್ಲೋಟೇಪ್ ಅಂಟಿಸಿ ತೆಗೆದು, ಅದನ್ನೂ ತಗೊಂಡು ಹೋಗು.

ಕುಣಿಗಲ್ ಕಡೆಯವನು:
ಅಣ್ಣ, ಲದ್ದಿಯಲ್ಲಿ 850 ಬಂತು. ಟೇಪಿನಲ್ಲಿ ಪಿನ್‌ವರ್ಮ್ ಮೊಟ್ಟೆಯೂ ಸಿಕ್ಕಿತು. ಡಾಕ್ಟರು ಈಗಲೇ ಐವರ್ಮೆಕ್ಟಿನ್ ಪೇಸ್ಟ್ ಕೊಡಿ ಅಂದರು. ತೂಕ ಹಾಕೋ ವ್ಯವಸ್ಥೆ ನಮ್ಮಲ್ಲಿಲ್ಲ, ಅಳತೆ ಹೇಗೆ?

ಹಳೇ ಲಾಯ:
ಟೇಲರ್ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತಗೊಂಡು, ಅದನ್ನು ಅದರಿಂದಲೇ ಗುಣಿಸು. ಬಂದದ್ದನ್ನು ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಗುಣಿಸಿ 11,880ರಿಂದ ಭಾಗಿಸು. 165 ಸುತ್ತು, 150 ಉದ್ದ ಇದ್ದರೆ ಸುಮಾರು 344 ಕೆ.ಜಿ. ಗಬ್ಬ ತುಂಬಿದಾಗ ಈ ಲೆಕ್ಕ ನಿಜವಾದ ತೂಕಕ್ಕಿಂತ ಕಡಿಮೆ ತೋರಿಸಬಹುದು. ಆದ್ದರಿಂದ ಸಿರಿಂಜಿನ ಮೇಲಿನ ಗುರುತಿನಲ್ಲಿ ಮುಂದಿನ ಗೆರೆಗೆ ಹೋಗು, ಹಿಂದಿನದಕ್ಕೆ ಬೇಡ. ಕಡಿಮೆ ಕೊಟ್ಟರೆ ಗಟ್ಟಿ ಹುಳ ಉಳಿದು ಅದೇ ಸಂತಾನ ಬೆಳೆಸುತ್ತೆ. ಕಿಲೋಗೆ 200 ಮೈಕ್ರೋಗ್ರಾಂ ಲೆಕ್ಕದಲ್ಲಿ 350 ಕೆ.ಜಿ.ಗೆ 70 ಮಿಲಿಗ್ರಾಂ.

ಬಾಯಲ್ಲಿ ಮೇವಿರಬಾರದು. ನಾಲಿಗೆಯ ಹಿಂಭಾಗಕ್ಕೆ ಒತ್ತಿ, ನುಂಗುವ ತನಕ ತಲೆ ಎತ್ತಿ ಹಿಡಿ. ಉಗುಳಿದ ಪೇಸ್ಟನ್ನು ನಾಯಿ ನೆಕ್ಕದಂತೆ ನೋಡಿಕೋ. ಕೋಲಿ ತಳಿಯಂಥ ನಾಯಿಗಳು ಅದರಿಂದ ಸತ್ತೇ ಹೋಗಬಹುದು. ಪಿನ್‌ವರ್ಮ್‌ಗೆ ಔಷಧಿಯೊಂದೇ ಸಾಲದು, ಬಾಲದ ಬುಡವನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆ ಸುಡು.

ಮೈಸೂರು ಟಾಂಗಾ:
ಮಾಕ್ಸಿಡೆಕ್ಟಿನ್ ಅನ್ನೋ ಇನ್ನೊಂದು ಹುಳದ ಔಷಧಿ ಇನ್ನೂ ಜೋರು ಅಂತ ಕೇಳಿದ್ದೆ. ಅದನ್ನೇ ಕೊಡಬಾರದಾ?

ಹಳೇ ಲಾಯ:
ಬಡಕಲಾದ ಕುದುರೆಗೆ ಬೇಡ ಅಣ್ಣಾ. ಅದರಲ್ಲಿ ಅಳತೆ ತಪ್ಪಿದರೆ ಐವರ್ಮೆಕ್ಟಿನ್‌ನಷ್ಟು ತಾಳಿಕೆ ಇಲ್ಲ. ಎಳೇ ಮರಿಗಂತೂ ಕೊಡಲೇಬಾರದು.

ಕುಣಿಗಲ್ ಕಡೆಯವನು:
ಕೊಟ್ಟು ಹದಿನಾಲ್ಕನೇ ದಿನ ಮತ್ತೆ ಲದ್ದಿ ಕೊಟ್ಟೆ, ಒಂದೂ ಮೊಟ್ಟೆ ಇಲ್ಲ. ಬಾಲ ಉಜ್ಜೋದೂ ನಿಂತಿದೆ. ಮರಿ ಹಾಕಿದ ದಿನ ಮತ್ತೊಮ್ಮೆ ಕೊಡಬೇಕು ಅಂತ ಯಾರೋ ಹೇಳಿದರು. ನಿಜವಾ?

ಹಳೇ ಲಾಯ:
ಅದು ತಾಯಿಗಿಂತ ಮರಿಗಾಗಿ. ಸ್ಟ್ರಾಂಗೈಲಾಯ್ಡಿಸ್ ಅನ್ನೋ ಸಣ್ಣ ಹುಳದ ಮರಿಗಳು ತಾಯಿಯ ಹಾಲಲ್ಲೇ ಮರಿಗೆ ಇಳಿಯುತ್ತವೆ. ಹಾಕಿದ 24 ಗಂಟೆಯೊಳಗೆ ತಾಯಿಗೆ ಐವರ್ಮೆಕ್ಟಿನ್ ಹೋದರೆ ಅದು ತಗ್ಗುತ್ತೆ. ಹಿಂದಿನ ಮರಿಗಳಿಗೆ ಮೊದಲೆರಡು ವಾರದಲ್ಲಿ ಬೇಧಿ ಆಗಿತ್ತಾ ಅಂತ ಅಪ್ಪನ್ನ ಕೇಳಿ, ಡಾಕ್ಟರಿಗೆ ಹೇಳು. ಆಗಿಲ್ಲದಿದ್ದರೆ ಮತ್ತೆ ಕೊಡಲೇಬೇಕೆಂದೇನಿಲ್ಲ. ಆದರೆ ಮರಿಗೆ ಎರಡು-ಮೂರು ತಿಂಗಳಾದಾಗ ಮರೆಯಬೇಡ. ಆಗ ಕಾಡೋದು ದೊಡ್ಡ ಬಿಳಿ ದುಂಡುಹುಳ, ಅದಕ್ಕೆ ಐವರ್ಮೆಕ್ಟಿನ್ ಎಷ್ಟೋ ಕಡೆ ನಾಟುತ್ತಿಲ್ಲ. ಫೆನ್‌ಬೆಂಡಜೋಲ್ ಬಗ್ಗೆ ಡಾಕ್ಟರನ್ನ ಕೇಳು.

ಕುಣಿಗಲ್ ಕಡೆಯವನು:
ಅಪ್ಪನ್ನ ಕೇಳಿದೆ. ಹಿಂದಿನ ಮರಿಗೆ ಹತ್ತನೇ ದಿನ ಬೇಧಿ ಆಗಿತ್ತಂತೆ. ಡಾಕ್ಟರಿಗೆ ಹೇಳಿದ್ದೀನಿ, ಇನ್ನೊಂದು ಪೇಸ್ಟ್ ತಂದು ಲಾಯದ ಗೂಡಲ್ಲಿಟ್ಟಿದ್ದೀನಿ. ಕೆಚ್ಚಲು ಬಿಡ್ತಾ ಇದೆ, ರಾತ್ರಿ ಅಪ್ಪನೂ ನಾನೂ ಸರದಿ ಮೇಲೆ ಕಾಯ್ತಿದ್ದೀವಿ.