ಸಹಾಯ ಬೇಕು: ಧಾನ್ಯ ಹಾಕದ ಚೀಸ್ ಸ್ಟಿಕ್ ಎಣ್ಣೆಯಲ್ಲಿ ಒಡೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಯಾವ ಧಾನ್ಯವನ್ನೂ ತಿನ್ನುವ ಹಾಗಿಲ್ಲ. ಗೋಧಿ, ಅಕ್ಕಿ, ಜೋಳ, ಓಟ್ಸ್ ಯಾವುದೂ ಆಗದು. ಚೀಸ್ ಸ್ಟಿಕ್ ಅಂದರೆ ಅವಳಿಗೆ ಪ್ರಾಣ. ಬ್ರೆಡ್ ಪುಡಿ, ಮೈದಾ, ಕಾರ್ನ್ ಫ್ಲೋರ್ ಇಲ್ಲದೆ ಮನೆಯಲ್ಲೇ ಮಾಡಿಕೊಡಬೇಕು ಅಂತ ತುಂಬಾ ಆಸೆ.

ನಾನು ಮಾಡುವುದು ಹೀಗೆ. ನೀರಿನಂಶ ಕಡಿಮೆ ಇರುವ ಮೊಝರೆಲ್ಲಾ ತುಂಡುಗಳನ್ನು ಮೊದಲು ಟಪಿಯೋಕಾ (ಮರಗೆಣಸಿನ) ಹಿಟ್ಟಿನಲ್ಲಿ, ನಂತರ ಮೊಟ್ಟೆಯಲ್ಲಿ, ಕೊನೆಗೆ ಬಾದಾಮಿ ಪುಡಿ ಮತ್ತು ಪಾರ್ಮೆಸಾನ್ ಚೀಸ್ ತುರಿಯ ಮಿಶ್ರಣದಲ್ಲಿ ಹೊರಳಿಸುತ್ತೇನೆ. ಫ್ರೀಜರಿನಲ್ಲಿ ಕಲ್ಲಿನಂತೆ ಗಟ್ಟಿಯಾದ ಮೇಲೆ 180 ಡಿಗ್ರಿ ಸೆಲ್ಸಿಯಸ್ ಎಣ್ಣೆಗೆ ಬಿಡುತ್ತೇನೆ. ರುಚಿಗೆ ಕೊರತೆಯಿಲ್ಲ. ಆದರೆ ತುಂಡಿನ ತುದಿಯಲ್ಲಿ ಸಣ್ಣ ಗುಳ್ಳೆ ಎದ್ದು, ಅಲ್ಲೇ ಬಿರುಕು ಬಿಟ್ಟು, ಚೀಸ್ ದಾರದಂತೆ ಹೊರಗೆ ಹರಿಯುತ್ತದೆ. ಅಷ್ಟರಲ್ಲಿ ಬಾದಾಮಿಯೂ ಕಪ್ಪಾಗಲು ಶುರು. ಉರಿ ತಗ್ಗಿಸಿದರೆ ಮೇಲ್ಪದರ ಎಣ್ಣೆ ಕುಡಿದು ಮೆತ್ತಗಾಗುತ್ತದೆ.

ಮೊಟ್ಟೆ ಮತ್ತು ಪುಡಿಯಲ್ಲಿ ಎರಡನೇ ಸಲ ಅದ್ದಿದರೆ ತುದಿಗಳು ಭದ್ರವಾಗುತ್ತವೆಯೇ? ಬಾದಾಮಿ ಕಡಿಮೆ ಮಾಡಿ ಆರೋರೂಟ್ (ಕೂವೆಗೆಡ್ಡೆಯ ಹಿಟ್ಟು) ಸೇರಿಸಿದರೆ ಗರಿಗರಿ ಉಳಿಯುತ್ತದೆಯೇ? ತೆಂಗಿನ ಹಿಟ್ಟು ಬಳಸಿದವರಿದ್ದರೆ ಅಳತೆ ತಿಳಿಸಿ, ಅದು ತೇವವನ್ನು ವಿಪರೀತ ಹೀರುತ್ತದೆ. ಹಲ್ಲೂಮಿ ಎಂಬ ಗಟ್ಟಿ ಚೀಸ್ ಕರಗುವುದಿಲ್ಲ, ಕರಿಯುವುದೂ ಸುಲಭ, ನಿಜ. ಆದರೆ ಮಗಳಿಗೆ ಬೇಕಿರುವುದು ಎಳೆದರೆ ಎಳೆಯಾಗಿ ಬರುವ ಚೀಸ್.

ಮೊಟ್ಟೆ, ಬಾದಾಮಿ, ಹಾಲು ಅವಳಿಗೆ ಒಗ್ಗುತ್ತವೆ. ಬೇಕಿಂಗ್ ಪೌಡರ್ ಸೂಚಿಸುವವರು ದಯವಿಟ್ಟು ಗಮನಿಸಿ, ಹೆಚ್ಚಿನವುಗಳಲ್ಲಿ ಮೆಕ್ಕೆಜೋಳದ ಪಿಷ್ಟ (ಕಾರ್ನ್ ಫ್ಲೋರ್) ಇರುತ್ತದೆ. ಪ್ಯಾಕೆಟ್ಟಿನ ತುರಿದ ಚೀಸ್‌ನಲ್ಲೂ ಕೆಲವೊಮ್ಮೆ ಇರುತ್ತದೆ, ಹಾಗಾಗಿ ನಾನೇ ತುರಿದುಕೊಳ್ಳುತ್ತೇನೆ. ಸ್ವತಃ ಮಾಡಿ ನೋಡಿದವರ ಉತ್ತರಕ್ಕೆ ಕಾಯುತ್ತಿರುತ್ತೇನೆ.